ಗಾಜು ಒಳಗೆ ಬಿಡಬಾರದು

ಜೈಲಿನ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನಗೆ ಕಲಿಸಿದ ನಿಯಮ ಇದು: ಗಾಜು ಒಳಗೆ ಬಿಡಬಾರದು. ಕನ್ನಡಿ, ಉಪ್ಪಿನಕಾಯಿ ಜಾಡಿ, ಔಷಧಿಯ ಸೀಸೆ, ಯಾವುದೇ ಇರಲಿ, ಗೇಟಿನಲ್ಲೇ ನಿಲ್ಲಬೇಕು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಇದನ್ನು ಒಂದು ದಿನವೂ ಬಿಡದೆ ಪಾಲಿಸಿದ್ದೇನೆ. ಹಾಗೆ ಪಾಲಿಸುವಾಗಲೇ ಒಬ್ಬ ಮನುಷ್ಯನ ಗಂಟಲು ಸುಟ್ಟುಹಾಕಿದೆ.

ನನ್ನ ಹುದ್ದೆಯ ಹೆಸರು ಮುಖ್ಯ ವೀಕ್ಷಕ. ಜನ ಸುಮ್ಮನೆ ವಾರ್ಡರ್ ಎನ್ನುತ್ತಾರೆ. ಮನೆಯವರು ಕಡಲಿಗೆ ಹೋಗುವವರು. ಅಪ್ಪ ದೋಣಿಯ ಕೆಲಸ ಬಿಡಲಿಲ್ಲ, ಅಣ್ಣ ಬೋಟಿನ ಕೆಲಸ ಬಿಡಲಿಲ್ಲ, ನಾನೊಬ್ಬ ಮಾತ್ರ ಖಾಕಿ ಹಾಕಿಕೊಂಡು ನೆಲದ ಮೇಲೆ ಉಳಿದೆ. ಸಂಬಂಧಿಕರ ಮದುವೆಗಳಲ್ಲಿ ಇವತ್ತಿಗೂ ನನ್ನನ್ನು ನೋಡಿ, 'ಇವನು ಬಲೆ ಹಾಕುವುದು ಮನುಷ್ಯರಿಗೆ' ಎಂದು ನಗುತ್ತಾರೆ. ನಾನೂ ನಗುತ್ತೇನೆ. ನಿಯಮದ ವಿಷಯದಲ್ಲಿ ನಾನು ಬಹಳ ಗಟ್ಟಿ ಎಂದು ಇಲಾಖೆಯಲ್ಲಿ ಹೆಸರಿತ್ತು, ಆ ಹೆಸರಿನ ಬಗ್ಗೆ ನನಗೆ ಜಂಬವೂ ಇತ್ತು.

ಆ ಹೆಸರಿನಿಂದಾಗಿಯೇ ಕಳೆದ ಕೆಲವು ವರ್ಷಗಳಿಂದ ಹೊಸದಾಗಿ ಸೇರಿದವರಿಗೆ ಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟಾರದಲ್ಲಿ ಹೆದ್ದಾರಿಯ ಪಕ್ಕದ ಒಂದು ಕಟ್ಟಡದ ಎರಡನೇ ಮಾಳಿಗೆಯಲ್ಲಿ ಬಾಡಿಗೆಗೆ ಸಿಗುವ ಹಾಲ್ ಉಂಟು. ಕಿಟಕಿ ತೆರೆದರೆ ಲಾರಿಗಳ ಸದ್ದು, ಮುಚ್ಚಿದರೆ ಸೆಕೆ. ಅಲ್ಲಿ ಮೂವತ್ತು ಮಂದಿ ಹುಡುಗ ಹುಡುಗಿಯರ ಎದುರು ನಿಂತು ನಾನು ಹೇಳಬೇಕಾದ ವಿಷಯ, ಒಳ್ಳೆಯದಕ್ಕೂ ಕೆಟ್ಟದಕ್ಕೂ ಬಳಕೆಯಾಗುವ ವಸ್ತುಗಳು. ತೊಳೆಯುವ ಪುಡಿ, ಫಿನಾಯಿಲ್, ಶೌಚಾಲಯದ ಆ್ಯಸಿಡ್, ಪೈಂಟಿನ ತಿನ್ನರ್, ಜ್ವರದ ಮಾತ್ರೆ. ಜೈಲಿಗೆ ಇವೆಲ್ಲ ಬೇಕು. ಇವಿಲ್ಲದೆ ಒಂದು ವಾರ ನಡೆಸಿದರೆ ಒಳಗೆ ಕಾಲಿಡಲಿಕ್ಕಾಗದು. ಆದರೆ ಪ್ರತಿಯೊಂದರಲ್ಲೂ ಇನ್ನೊಂದು ಬುದ್ಧಿ ಅಡಗಿರುತ್ತದೆ. ಯಾವುದು ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು, ಯಾರ ಕೈಯಲ್ಲಿತ್ತು, ಯಾವುದರ ಪಕ್ಕ ಯಾವುದನ್ನು ಇಡಬಾರದು, ಇದನ್ನೆಲ್ಲ ನೋಡುವ ಕಣ್ಣು ಬೆಳೆಸುವುದು ನನ್ನ ಪಾಠ.

ಪಾಠದ ಕೊನೆಗೆ ನಾನು ಒಂದು ಘಟನೆ ಹೇಳುತ್ತಿದ್ದೆ. ಬೋರ್ಡಿನ ಮೇಲೆ ಒಂದು ನೀರಿನ ಬಾಟ್ಲಿಯ ಚಿತ್ರ ಬರೆದು, 'ಒಬ್ಬ ವಿಚಾರಣಾಧೀನ ಕೈದಿ ಆ್ಯಸಿಡ್ ಕದ್ದು ನೀರಿನ ಬಾಟ್ಲಿಯಲ್ಲಿ ಅಡಗಿಸಿಟ್ಟು, ಯಾರೂ ನೋಡದಾಗ ಕುಡಿದು ಸಾಯಲು ಹೊರಟ. ಸ್ವಲ್ಪ ಕಣ್ಣು ತಪ್ಪಿದರೆ ಸಾಕು' ಎನ್ನುತ್ತಿದ್ದೆ. ಎಲ್ಲರೂ ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಚಹಾ. ಹೀಗೆ ಎಷ್ಟು ತಂಡಗಳಿಗೆ ಹೇಳಿದೆನೋ ನೆನಪಿಲ್ಲ. ಹೇಳಿ ಹೇಳಿ ನನಗೇ ಅದು ನಿಜವೆಂದು ಅನ್ನಿಸತೊಡಗಿತ್ತು.

ಈ ವರ್ಷದ ತಂಡದಲ್ಲಿ ಒಬ್ಬ ಹುಡುಗಿ ಇದ್ದಳು. ಇಪ್ಪತ್ತಮೂರೋ ನಾಲ್ಕೋ ವಯಸ್ಸು, ಯಾವಾಗಲೂ ಮೊದಲ ಸಾಲಿನಲ್ಲಿ ಕೂರುವವಳು. ಅವಳ ತಾಯಿ ಆಸ್ಪತ್ರೆಯೊಂದರಲ್ಲಿ ಶುಚಿತ್ವದ ಕೆಲಸ ಮಾಡುವವರು ಎಂದು ಪರಿಚಯದ ದಿನ ಹೇಳಿದ್ದಳು. ನಾನು ಬಾಟ್ಲಿಯ ಚಿತ್ರ ಬರೆದು ಕಥೆ ಮುಗಿಸಿ ಸೀಮೆಸುಣ್ಣ ಕೆಳಗಿಡುವಷ್ಟರಲ್ಲಿ ಅವಳು ಎದ್ದು ನಿಂತಳು.

"ಸರ್, ಒಂದು ಡೌಟು ಉಂಟು."

"ಎಂತ? ಹೇಳಿ."

"ಆ್ಯಸಿಡ್ ಬರುವುದು ಅದರದ್ದೇ ಬಾಟ್ಲಿಯಲ್ಲಿ ಅಲ್ವಾ ಸರ್. ಅವನು ಕದ್ರೆ ಆ ಬಾಟ್ಲಿಯನ್ನೇ ಕದೀಬಹುದಿತ್ತು. ನೀರಿನ ಬಾಟ್ಲಿಗೆ ಹಾಕಿದ್ದು ಯಾರು?"

"ಅವನೇ ಹಾಕಿರ್ಬೇಕು," ಎಂದೆ.

"ಹಾಕುವಾಗ ಯಾರೂ ನೋಡ್ಲಿಲ್ವಾ ಸರ್? ಅದು ಹೊಗೆ ಬರ್ತದೆ, ವಾಸನೆ ಬರ್ತದೆ. ನಮ್ಮ ಅಮ್ಮ ತುಂಬಿಸುವಾಗ ನಾವು ಮನೆಯಿಂದ ಹೊರಗೆ ಓಡ್ತೇವೆ."

ಹಿಂದಿನ ಸಾಲಿನಲ್ಲಿ ಕೆಲವರು ನಕ್ಕರು. ನನಗೆ ಸಿಟ್ಟು ಬಂತು. 'ರಿಪೋರ್ಟಿನಲ್ಲಿ ಎಂತ ಉಂಟೋ ಅದು ಸತ್ಯ, ಕೂತುಕೊಳ್ಳಿ' ಎಂದು ಗದರಿಸಿದೆ. ಅವಳು ಕೂತಳು. ಆದರೆ ಪುಸ್ತಕದಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ. ನಾನು ಚಹಾಕ್ಕೆಂದು ಹೊರಗೆ ಬಂದವನು ಮೆಟ್ಟಿಲಿನಲ್ಲೇ ನಿಂತುಬಿಟ್ಟೆ. ಒಂಬತ್ತು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ನನ್ನ ಹತ್ತಿರ ಕೇಳಿರಲಿಲ್ಲ. ಬಾಟ್ಲಿಗೆ ಹಾಕಿದವನು ನಾನು.

ಆಗ ನಾನು ಊರಿನಿಂದ ದೂರ, ಒಂದು ಸಣ್ಣ ಜೈಲಿನಲ್ಲಿದ್ದೆ. ಯಾವುದೆಂದು ಹೇಳುವುದಿಲ್ಲ, ತಪ್ಪು ಆ ಗೋಡೆಗಳದ್ದಲ್ಲ. ಶುಚಿಗೊಳಿಸುವ ಸಾಮಾನು ತರುತ್ತಿದ್ದವನು ಆ ಸಲ ಆ್ಯಸಿಡನ್ನು ಪ್ಲಾಸ್ಟಿಕ್ ಕ್ಯಾನಿನ ಬದಲು ಹಳೆಯ ಗಾಜಿನ ಸೀಸೆಗಳಲ್ಲಿ ತಂದಿದ್ದ. ಚೀಟಿಯೂ ಇತ್ತು, ತಲೆಬುರುಡೆಯ ಚಿತ್ರವೂ ಇತ್ತು. ಗೇಟಿನಲ್ಲಿ ನಾನು. ಗಾಜು ಒಳಗೆ ಬಿಡಬಾರದು. ವಾಪಸು ಕಳಿಸಿದರೆ ಅವನು ಮತ್ತೆ ಬರುವುದು ಮುಂದಿನ ವಾರ, ಅಷ್ಟರಲ್ಲಿ ಶೌಚಾಲಯಗಳ ಗತಿ ದೇವರಿಗೇ ಪ್ರೀತಿ. ಗೇಟಿನ ಮೂಲೆಯಲ್ಲಿ ಸಂದರ್ಶಕರಿಂದ ತೆಗೆದಿಟ್ಟ ಖಾಲಿ ನೀರಿನ ಬಾಟ್ಲಿಗಳ ರಾಶಿ ಇತ್ತು. ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಾನೇ ಸೀಸೆಗಳಿಂದ ಮೂರು ಬಾಟ್ಲಿಗಳಿಗೆ ಸುರಿದೆ. ಗಾಜನ್ನು ಹೊರಗೇ ಒಡೆಸಿದೆ. ರಿಜಿಸ್ಟರಿನಲ್ಲಿ 'ಗಾಜು ಒಳಗೆ ಹೋಗಿಲ್ಲ' ಎಂದು ಬರೆದು ಕೆಳಗೆ ಗೆರೆ ಎಳೆದೆ. ಕೆಲಸ ಅಚ್ಚುಕಟ್ಟಾಯಿತೆಂದು ಖುಷಿಯೂ ಆಗಿತ್ತು.

ನನಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ ಅದು. ಅಪ್ಪನ ದೋಣಿಯಲ್ಲಿ ಎಣ್ಣೆಗೂ ನೀರಿಗೂ ಒಂದೇ ತರದ ಬಿಳಿ ಕ್ಯಾನುಗಳು. ಕುಡಿಯುವ ನೀರಿನ ಕ್ಯಾನಿನ ಹಿಡಿಗೆ ಅಪ್ಪ ಹಳೆಯ ಬಲೆಯ ನೂಲನ್ನು ಮೂರು ಗಂಟು ಹಾಕಿ ಕಟ್ಟುತ್ತಿದ್ದರು. ಕತ್ತಲಲ್ಲಿ ಕೈ ಹಾಕಿದರೂ ಬೆರಳಿಗೆ ಗಂಟು ಸಿಗಬೇಕು. ಗಂಟಿಲ್ಲದ ಕ್ಯಾನಿಗೆ ಯಾರೂ ಬಾಯಿ ಹಾಕುತ್ತಿರಲಿಲ್ಲ. ಎಂಟು ವರ್ಷದವನಿದ್ದಾಗಲೇ ನನಗೆ ಗೊತ್ತಿದ್ದ ಈ ಬುದ್ಧಿ, ಖಾಕಿ ಹಾಕಿದ ಮೇಲೆ ಎಲ್ಲಿ ಹೋಯಿತೋ.

ರಂಜಾನ್ ತಿಂಗಳು ಅದು. ನೋಂಬು ಹಿಡಿದವರಿಗೆ, ಅಂದರೆ ಉಪವಾಸ ಇದ್ದವರಿಗೆ, ಸಂಜೆ ಬ್ಯಾರಕ್ಕಿನ ವರಾಂಡದಲ್ಲಿ ಕೂತು ಉಪವಾಸ ಬಿಡಲು ಅನುಮತಿ ಇತ್ತು. ಏಳೆಂಟು ಮಂದಿ. ಅವರಲ್ಲಿ ಒಬ್ಬ ಬಜಪೆಯ ಕಡೆಯ ಬ್ಯಾರಿ ಮನೆತನದ ಯುವಕ, ಆ ಊರಿನ ಪೇಟೆಯಲ್ಲಿ ನಡೆದ ಹೊಡೆದಾಟದ ಕೇಸೊಂದರಲ್ಲಿ ಬಂದವನು. ಕಟ್ಟೆಯ ಮೇಲೆ ಖರ್ಜೂರದ ಪೊಟ್ಟಣ, ಸಾಲಾಗಿ ನೀರಿನ ಬಾಟ್ಲಿಗಳು. ಶೌಚಾಲಯ ತೊಳೆದವರು ಉಳಿದ ಒಂದು ಬಾಟ್ಲಿಯನ್ನು ಅದೇ ಕಟ್ಟೆಯ ತುದಿಯಲ್ಲಿ ಇಟ್ಟು ಹೋಗಿದ್ದರು. ಹೊರಗಿನ ಮಸೀದಿಯಿಂದ ಬಾಂಗ್, ಅಂದರೆ ಉಪವಾಸ ಬಿಡುವ ಹೊತ್ತಿನ ಪ್ರಾರ್ಥನೆಯ ಕರೆ, ಕೇಳಿಸಿತು. ನಾನು ಆಚೆ ತುದಿಯಲ್ಲಿ ನಿಂತು ನೋಡುತ್ತಿದ್ದೆ. ಅವನು ತುಟಿಯಲ್ಲಿ ಏನೋ ಹೇಳಿಕೊಂಡು, ಒಂದು ಖರ್ಜೂರ ಬಾಯಿಗಿಟ್ಟು, ಕೈಗೆ ಹತ್ತಿರ ಸಿಕ್ಕ ಬಾಟ್ಲಿ ಎತ್ತಿದ. ಹದಿನಾಲ್ಕು ಗಂಟೆಯ ಬಾಯಾರಿಕೆ. ವಾಸನೆ ನೋಡಿ ಕುಡಿಯುವವರು ಯಾರು?

ಆಮೇಲಿನದ್ದನ್ನು ಬರೆಯಲಾರೆ. ಅವನು ಸಾಯಲಿಲ್ಲ. ಬಹಳ ತಿಂಗಳು ಮಾತು ಇರಲಿಲ್ಲ, ಅನ್ನ ಇಳಿಯುತ್ತಿರಲಿಲ್ಲ.

ಮರುದಿನ ಮೇಲಧಿಕಾರಿ ನನ್ನನ್ನು ಕೂರಿಸಿಕೊಂಡು ಬಾಗಿಲು ಮುಚ್ಚಿದರು. 'ನೀನು ಹಾಕಿದ್ದು ಅಂತ ಬರೆದರೆ ನಿನ್ನ ಕೆಲಸ ಹೋಗ್ತದೆ, ನನ್ನದೂ ಹೋಗ್ತದೆ. ಅವನಿಗೆ ಜೈಲು ಬೇಜಾರಾಗಿತ್ತು ಅಲ್ವಾ?' ಎಂದು ಕೇಳಿದರು. ಜೈಲು ಯಾರಿಗೆ ಬೇಜಾರಾಗುವುದಿಲ್ಲ? ನಾನು ತಲೆಯಾಡಿಸಿದೆ. ಕೈದಿ ಆ್ಯಸಿಡ್ ಕದ್ದು ಆತ್ಮಹತ್ಯೆಗೆ ಯತ್ನಿಸಿದ ಎಂದು ರಿಪೋರ್ಟ್ ಆಯಿತು. ಕಣ್ಣಾರೆ ಕಂಡವನೆಂದು ಕೆಳಗೆ ನಾನು ಸಹಿ ಹಾಕಿದೆ. ಅಲ್ಲಗಳೆಯಲು ಅವನಿಗೆ ಆಗ ದನಿ ಇರಲಿಲ್ಲ. ಮಗಳು ಆಗ ಹತ್ತನೇ ಕ್ಲಾಸಿನಲ್ಲಿದ್ದಳು, ಹೆದರಿದೆ, ಎಂದು ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಹೆದರಿದ್ದು ನಿಜ. ಆದರೆ ಅದೇ ಸುಳ್ಳನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದ್ದಕ್ಕೆ ಯಾವ ಹೆದರಿಕೆ ಕಾರಣ? ನಾಚಿಕೆಯಾಗುತ್ತದೆ.

ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಹೊಡೆದಾಟದ ಕೇಸಿನಲ್ಲಿ ಅವನು ನಿರ್ದೋಷಿ ಎಂದಾಗಿ ಬಿಡುಗಡೆಯಾಗಿದ್ದ. ಬಜಪೆಯಲ್ಲಿ, ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯಲ್ಲಿ, ಗಲ್ಫಿಗೆ ಹೋಗುವವರ ಸಾಮಾನು ಕಟ್ಟಿಕೊಡುವ ಅಂಗಡಿ ಇಟ್ಟಿದ್ದ. ಅಳಿಯನನ್ನು ವಿಮಾನ ಹತ್ತಿಸಲು ಹೋದಾಗ ಒಮ್ಮೆ ಕಂಡು, ಕಾರಿನ ಗಾಜು ಏರಿಸಿಕೊಂಡು ಕೂತಿದ್ದೆ.

ಆ ಹುಡುಗಿ ಪ್ರಶ್ನೆ ಕೇಳಿದ ನಂತರದ ಭಾನುವಾರ ಕೊಟ್ಟಾರದಿಂದ ಬಸ್ಸು ಹತ್ತಿದೆ. ಕಿಸೆಯಲ್ಲಿ ಎರಡು ಪುಟದ ಕಾಗದ. ನಡೆದದ್ದನ್ನು ನಡೆದ ಹಾಗೆ ಬರೆದು ಸಹಿ ಮಾಡಿದ್ದೆ. ಅದರದ್ದೇ ಇನ್ನೊಂದು ಪ್ರತಿಯನ್ನು ಹಿಂದಿನ ದಿನ ಇಲಾಖೆಗೆ ಅಂಚೆಯಲ್ಲಿ ಕಳಿಸಿ ಆಗಿತ್ತು. ಕಳಿಸದೆ ಹೋದರೆ ಅವನ ಮುಖ ನೋಡಿದ ಮೇಲೆ ಮತ್ತೆ ಏನಾದರೂ ನೆಪ ಹುಡುಕುವ ಜಾತಿ ನನ್ನದು ಎಂದು ನನಗೆ ಗೊತ್ತು.

ಅಂಗಡಿಯಲ್ಲಿ ಯಾರೋ ಪ್ರಯಾಣಿಕನ ರಟ್ಟಿನ ಪೆಟ್ಟಿಗೆ ತೆರೆದಿತ್ತು. ಅವನು ಒಳಗಿನ ಒಂದೊಂದು ಬಾಟ್ಲಿಯನ್ನೂ ಎತ್ತಿ, ಮುಚ್ಚಳ ತಿರುಗಿಸಿ, ಮೂಗಿಗೆ ಹಿಡಿದು, ಮತ್ತೆ ಮುಚ್ಚಿ ಒಳಗಿಡುತ್ತಿದ್ದ. ತೆಂಗಿನೆಣ್ಣೆ, ಜೇನು, ಮೀನಿನ ಉಪ್ಪಿನಕಾಯಿ. ಒಂದನ್ನೂ ಬಿಡಲಿಲ್ಲ. ನನ್ನ ಯಾವ ತರಬೇತಿಯಲ್ಲೂ ಯಾರೂ ಅಷ್ಟು ಶ್ರದ್ಧೆಯಿಂದ ತಪಾಸಣೆ ಮಾಡಿದ್ದನ್ನು ನಾನು ಕಂಡಿಲ್ಲ. ಪೆಟ್ಟಿಗೆಗೆ ಟೇಪು ಸುತ್ತಿ ಗಿರಾಕಿಯನ್ನು ಕಳಿಸಿ ನನ್ನ ಕಡೆ ತಿರುಗಿದ. ಗುರುತು ಹಿಡಿಯಲು ಅವನಿಗೆ ಹೊತ್ತೇನೂ ಬೇಕಾಗಲಿಲ್ಲ.

"ಬನ್ನಿ ಸರ್," ಎಂದ. ಸ್ವರ ಒರಟಾಗಿತ್ತು, ಮರಳ ಮೇಲೆ ದೋಣಿ ಎಳೆದ ಹಾಗೆ. "ಎಲ್ಲಿಗೆ ಪಾರ್ಸೆಲ್?"

"ಪಾರ್ಸೆಲ್ ಇಲ್ಲ," ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ಬಾಟ್ಲಿಗೆ ಹಾಕಿದ್ದು ನಾನು."

ಅವನು ಸ್ಟೂಲು ಮುಂದೆ ತಳ್ಳಿದ. ನಾನು ಕಾಗದ ಕೊಟ್ಟೆ. ನಿಂತುಕೊಂಡೇ ಎರಡೂ ಪುಟ ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟ.

"ಯಾರೋ ಹಾಕಿದ್ದಾರೆ ಅಂತ ಗೊತ್ತಿತ್ತು ಸರ್. ನೀವು ಅಂತ ಗೊತ್ತಿರ್ಲಿಲ್ಲ. ನಾನು ಸಾಯ್ಲಿಕ್ಕೆ ಕುಡಿಯಲಿಲ್ಲ ಅಂತ ನನಗೆ ಯಾರೂ ಬರೆದು ಕೊಡ್ಬೇಕಾಗಿಲ್ಲ."

"ಹಾಗಾದ್ರೆ ನಾನು ಎಂತ ಮಾಡ್ಬೇಕು?"

"ಉಮ್ಮನಿಗೆ ಹೇಳಿ."

ಆಮೇಲೆ ಅವನು ತಾಯಿಯ ವಿಷಯ ಹೇಳಿದ. ಘಟನೆಗೆ ಒಂದು ವಾರದ ಹಿಂದೆ ತಾಯಿ ಜೈಲಿಗೆ ನೋಡಲು ಬಂದಿದ್ದಾಗ ಇವನು ಅತ್ತು, 'ನನಗೆ ಸಾಕಾಯ್ತು ಉಮ್ಮ' ಎಂದಿದ್ದನಂತೆ. ಅದರ ಹಿಂದೆಯೇ, ಮಗ ಸಾಯಲು ಹೊರಟ ಎಂಬ ಸರ್ಕಾರದ ಕಾಗದ ಬಂತು. ಮಾತು ಮರಳಿದ ಮೇಲೆ ಇವನು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ತನ್ನ ನೋವು ಕಡಿಮೆ ಮಾಡಲು ಮಗ ಸುಳ್ಳು ಹೇಳುತ್ತಿದ್ದಾನೆ ಎಂದೇ ತಿಳಿದಿದ್ದರು. ಮಗ ನೋಂಬು ಮುರಿದು ಸಾಯಹೊರಟ ಎಂದು ಪ್ರತಿ ವರ್ಷ ರಂಜಾನ್ ಮುಗಿದ ಮೇಲೆ ಅವನ ಹೆಸರಿನಲ್ಲಿ ಒಂದು ದಿನ ತಾನು ಉಪವಾಸ ಇರುತ್ತಾರಂತೆ. ಬದುಕಿರುವವನ ನೋಂಬನ್ನು ಇನ್ನೊಬ್ಬರು ಹಿಡಿಯಲಿಕ್ಕಾಗುವುದಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿದರೂ ಕೇಳುವುದಿಲ್ಲವಂತೆ.

"ಅವರಿಗೆ ಎಪ್ಪತ್ತು ದಾಟಿತು ಸರ್. ಹಾಗೆಯೇ ಹೋಗ್ಬಾರ್ದು," ಎಂದ.

ಮನೆ ಅಂಗಡಿಯ ಹಿಂದೆಯೇ. ಜಗಲಿಗೆ ಹತ್ತಿದಾಗ ಮೂಲೆಯಲ್ಲಿ ಒಂದು ಕಬ್ಬಿಣದ ಕಪಾಟು ಕಂಡಿತು, ಕಣ್ಣಿಗೆ ಹೊಡೆಯುವಂಥ ದೊಡ್ಡ ಬೀಗ. ಮುಂಭಾಗದಲ್ಲಿ ಜಾಲರಿ. ಒಳಗೆ ಫಿನಾಯಿಲ್, ಸೀಮೆಎಣ್ಣೆ, ಇಲಿಪಾಷಾಣದ ಡಬ್ಬಿ, ಶೌಚಾಲಯದ ಆ್ಯಸಿಡ್, ಎಲ್ಲ ಅವುಗಳದ್ದೇ ಬಾಟ್ಲಿಗಳಲ್ಲಿ, ಒಂದಕ್ಕೊಂದು ತಾಗದ ಹಾಗೆ. ನಮ್ಮ ಇಲಾಖೆಯ ಉಗ್ರಾಣ ಇಷ್ಟು ಚೆನ್ನಾಗಿಲ್ಲವಲ್ಲ ಎಂದು, ಆ ಹೊತ್ತಿನಲ್ಲೂ, ನನ್ನೊಳಗಿನ ಮೇಷ್ಟ್ರು ಮೆಚ್ಚಿಕೊಂಡ. ಆಮೇಲೆ ಆ ಬೀಗ ಮಗನಿಗಾಗಿ ಎಂದು ಹೊಳೆಯಿತು. ಕೀಲಿಕೈ ತಾಯಿಯ ಸೊಂಟದಲ್ಲಿತ್ತು, ಬೆಳ್ಳಿಯ ಪಟ್ಟಿಗೆ ಸಿಕ್ಕಿಸಿದ್ದರು.

ಆಕೆ ಕುರ್ಚಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ನಾನು ಮೀನುಗಾರರ ಮನೆಯವನೆಂದು ಮಗ ಹೇಳಿದ ಕೂಡಲೇ ತುಳುವಿಗೆ ತಿರುಗಿದರು. ಮೊದಲೆಲ್ಲ ಬಂದರಿನಿಂದ ಅವರ ಮನೆಗೆ ಮೀನು ತರುತ್ತಿದ್ದ ಹೆಂಗಸೊಬ್ಬರ ನೆನಪು ತೆಗೆದು, 'ನಿಮ್ಮವರಾ?' ಎಂದು ಕೇಳಿದರು. ನಾವು ಮಾತಾಡಿದ್ದೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಉಮ್ಮ, ನಾನು ಜೈಲಿನಲ್ಲಿದ್ದವನು," ಎಂದೆ. "ಪೊಲೀಸಿನವನ ಹಾಗೆ. ಕೈದಿ ಅಲ್ಲ."

"ಹ್ಞೂಂ."

ನಾನು ಹೇಳಿದೆ. ಗಾಜಿನ ಸೀಸೆ, ಗೇಟು, ಖಾಲಿ ಬಾಟ್ಲಿ, ಕಟ್ಟೆ, ಸುಳ್ಳು ರಿಪೋರ್ಟು, ನನ್ನ ಸಹಿ. ಏನನ್ನೂ ಮುಚ್ಚಿಡಲಿಲ್ಲ, ಮೇಲಿನವರ ಮೇಲೆ ಹಾಕಲೂ ಇಲ್ಲ. ಹೇಳುವಾಗ ಆಕೆಯ ಬೆರಳುಗಳು ಹೂವಿನ ಮೇಲೆ ನಿಂತುಬಿಟ್ಟವು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಕೇಳಿದ್ದು ಬೇರೆಯೇ ಒಂದು ಪ್ರಶ್ನೆ.

"ಇವನು ಅದನ್ನು ಕುಡಿದದ್ದು ಬಾಂಗ್ ಆಗುವ ಮೊದಲಾ, ಆದ ಮೇಲಾ?"

"ಆದ ಮೇಲೆ ಉಮ್ಮ. ನಾನು ಅಲ್ಲೇ ನಿಂತಿದ್ದೆ. ಬಾಂಗ್ ಕೇಳಿದ ಮೇಲೆ ಬಾಯಲ್ಲಿ ಏನೋ ಹೇಳಿಕೊಂಡ. ಒಂದು ಖರ್ಜೂರ ತಿಂದ. ಆಮೇಲೆ ನೀರು ಅಂತ ಎತ್ತಿದ."

"ಖರ್ಜೂರ ತಿಂದನಾ?"

"ತಿಂದ. ನಾನು ಕಣ್ಣಾರೆ ನೋಡಿದ್ದೇನೆ."

ಒಂಬತ್ತು ವರ್ಷದ ಹಿಂದೆ ಸುಳ್ಳಿನ ಕೆಳಗೆ, ಕಣ್ಣಾರೆ ಕಂಡೆ ಎಂಬ ಇದೇ ಮಾತಿಗೆ ಸಹಿ ಹಾಕಿದ್ದೆ. ಆಕೆ ಮಗನ ಕಡೆ ತಿರುಗಿದರು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ.

"ಹಾಗಾದ್ರೆ ಆ ದಿನದ ನಿನ್ನ ನೋಂಬು ಪೂರ್ತಿ ಆಗಿದೆ, ಮೋನೆ," ಎಂದರು.

ಅವನು ತಲೆಯಾಡಿಸಿದ. ಒಂಬತ್ತು ವರ್ಷ ಅವನೂ ಅದನ್ನೇ ಹೇಳುತ್ತಿದ್ದ. ಆಕೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ನನಗೂ ತಡೆಯಲಾಗಲಿಲ್ಲ. ಕ್ಷಮಿಸಿ ಎಂದು ಕೇಳಲು ಬಾಯಿ ತೆರೆದೆ, ಆಕೆ ಕೈ ಅಡ್ಡ ಮಾಡಿ ತಡೆದರು. ಅದು ಈಗ ಬೇಡ ಎಂದೋ, ಎಂದಿಗೂ ಬೇಡ ಎಂದೋ ನನಗೆ ಇನ್ನೂ ಗೊತ್ತಾಗಿಲ್ಲ. ಇಲಾಖೆಯಿಂದಲೂ ಉತ್ತರ ಬರಬೇಕಷ್ಟೆ. ಬರಲಿ.

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಸದ್ದಾಯಿತು. ಆಕೆ ಕುರ್ಚಿಯ ಕೈ ಹಿಡಿದು ಎದ್ದಿದ್ದರು. ಸೊಂಟದ ಪಟ್ಟಿಯಿಂದ ಕಪಾಟಿನ ಕೀಲಿಕೈಯನ್ನು ತಡವಿ ತಡವಿ ಬಿಡಿಸಿ, ಮಗನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

"ನನಗೆ ಬಗ್ಗಲಿಕ್ಕೆ ಆಗುವುದಿಲ್ಲ," ಎಂದರು. "ನಾಳೆಯಿಂದ ಬಾತ್‌ರೂಮು ನೀನೇ ತೊಳೆ."